ಕೆಂಪು ಶಾಯಿಯ ಗೆರೆ ಮತ್ತು ಹಿಮಾಲಯದ ಅಂಚು



ಕಳೆದ ತಿಂಗಳು ಒಂದು ಸಂಜೆ ದೂರವಾಣಿ ಕರೆಯೊಂದು ಬಂದಿತು. "ನಮಸ್ಕಾರ ಮೇಷ್ಟ್ರೇ. ನಾನು 1979ರ ಒಂಬತ್ತನೇ ತರಗತಿಯವನು. ನನ್ನ ಭೂಪಟಕ್ಕೆ ನೀವು ಎರಡು ಅಂಕ ಕಳೆದಿದ್ದಿರಿ, ಜ್ಞಾಪಕವಿದೆಯೇ?" ಎಂದಿತು ಆ ಕಡೆಯ ಧ್ವನಿ. ಮೂವತ್ತು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನಾನು ಕಳೆದ ಅಂಕಗಳಿಗೆ ಲೆಕ್ಕವಿಟ್ಟವರಾರು? ಆದರೆ ಆತ ವಿವರ ಹೇಳುತ್ತಿದ್ದಂತೆ ಆ ತರಗತಿ, ಆ ಮಧ್ಯಾಹ್ನ, ಆ ಭೂಪಟ ಎಲ್ಲವೂ ಕಣ್ಣ ಮುಂದೆ ಬಂದು ನಿಂತವು.

ಭಾರತದ ಪ್ರಾಕೃತಿಕ ಭೂಪಟವನ್ನು ಬರೆದು ತರುವಂತೆ ಹೇಳಿದ್ದೆ. ಎಲ್ಲರೂ ಹಿಮಾಲಯವನ್ನು ಬಿಲ್ಲಿನಂತೆ ಬಾಗಿದ ಒಂದು ನಯವಾದ ಗೆರೆಯಾಗಿ ಬರೆದಿದ್ದರು. ಈತ ಮಾತ್ರ ಅದರ ತೆಂಕಣ ಅಂಚನ್ನು ಒಳಗೂ ಹೊರಗೂ ಅಂಕುಡೊಂಕಾಗಿ ಎಳೆದಿದ್ದ. ಕೈ ನಡುಗಿದೆಯೆಂದು ಭಾವಿಸಿ ಕೆಂಪು ಶಾಯಿಯಲ್ಲಿ ನೇರವಾದ ಗೆರೆಯೊಂದನ್ನು ಅದರ ಮೇಲೆಯೇ ಎಳೆದುಬಿಟ್ಟೆ. ಹುಡುಗ ಎದ್ದು ನಿಂತು, "ಸಾರ್, ದೊಡ್ಡ ಅಟ್ಲಾಸಿನಲ್ಲಿ ಹೀಗೇ ಇದೆ. ಯಾಕೆ ಹೀಗೆ?" ಎಂದು ಕೇಳಿದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು, "ಪರ್ವತವೆಂದ ಮೇಲೆ ಹೆಚ್ಚುಕಮ್ಮಿ ಇರುತ್ತದೆ, ಕುಳಿತುಕೋ" ಎಂದು ಗದರಿಸಿದೆ. ತರಗತಿ ನಕ್ಕಿತು. ನಾನೂ ನಕ್ಕೆನೆಂದು ತೋರುತ್ತದೆ.

ಆತನೀಗ ಬ್ಯಾಂಕಿನಿಂದ ನಿವೃತ್ತನಾಗಿದ್ದಾನೆ. ಮಗಳಿಗೆ ಡೆಹರಾಡೂನಿನಲ್ಲಿ ಕೆಲಸ ದೊರೆತಿದೆ. ಆ ಊರಿನ ನೆಲದಡಿಯಲ್ಲಿ ಹಳೆಯ ಬಂಡೆಯ ಏಣೊಂದು ಅಡ್ಡಲಾಗಿ ಇದೆ, ಅದು ಗೋಡೆಯಂತೆ ನಿಂತು ಭೂಕಂಪವನ್ನು ತಡೆಯುತ್ತದೆ ಎಂದು ಯಾರೋ ಆಕೆಗೆ ಧೈರ್ಯ ಹೇಳಿದ್ದಾರಂತೆ. "ಇದು ನಿಜವೇ ಮೇಷ್ಟ್ರೇ?" ಎಂಬುದು ತಂದೆಯ ಪ್ರಶ್ನೆ. ನಲವತ್ತಾರು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಯನ್ನೇ ತಾನು ಮತ್ತೆ ಕೇಳುತ್ತಿದ್ದೇನೆಂಬುದು ಆತನಿಗೆ ತಿಳಿದಿರಲಿಲ್ಲ. ಎರಡು ವಾರ ಸಮಯ ಕೊಡಪ್ಪಾ ಎಂದೆ. ಓದಿ ತಿಳಿದುದನ್ನು ಆತನಿಗೂ ನಿಮಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪಾಠ ಹೇಗಿತ್ತೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗಣೇಶನ ಹಬ್ಬಕ್ಕೆ ಹಾಸುವ ಜಮಖಾನವನ್ನು ನೆಲದ ಮೇಲೆ ಹರಡಿ, ಒಂದು ತುದಿಯನ್ನು ಗೋಡೆಗೆ ಆನಿಸಿ, ಇನ್ನೊಂದು ತುದಿಯಿಂದ ಇಬ್ಬರು ಹುಡುಗರ ಕೈಯಲ್ಲಿ ತಳ್ಳಿಸುತ್ತಿದ್ದೆ. ಜಮಖಾನ ಮಡಿಕೆ ಮಡಿಕೆಯಾಗಿ ಏಳುತ್ತಿತ್ತು. "ಇದೇ ಮಡಿಕೆ ಪರ್ವತ" ಎನ್ನುತ್ತಿದ್ದೆ. ತಳ್ಳುವ ಭಾರತದ ಪರ್ಯಾಯ ಪ್ರಸ್ಥಭೂಮಿ ಗಟ್ಟಿ, ಪುರಾತನ, ನಿಶ್ಚಲ; ಅದರ ಕೆಲಸ ತಳ್ಳುವುದಷ್ಟೇ ಎಂದು ಸೇರಿಸುತ್ತಿದ್ದೆ. ಉಪಮೆಯೇನೋ ಚೆನ್ನಾಗಿಯೇ ಇತ್ತು. ಆದರೆ ಜಮಖಾನದ ಕೆಳಗಿರುವ ನೆಲವನ್ನು ಕುರಿತು ನಾನು ಒಂದು ಮಾತನ್ನೂ ಆಡುತ್ತಿರಲಿಲ್ಲ. ಆ ನೆಲದಲ್ಲಿ ಒಂದು ಕಡೆ ಕಲ್ಲು ಎದ್ದಿದ್ದರೆ, ಇನ್ನೊಂದು ಕಡೆ ಗುಂಡಿ ಬಿದ್ದಿದ್ದರೆ, ಮಗದೊಂದು ಕಡೆ ಕೇರಂ ಬೋರ್ಡಿನ ಪೌಡರ್ ಚೆಲ್ಲಿದ್ದರೆ ಜಮಖಾನದ ಮಡಿಕೆಗಳು ಎಲ್ಲ ಕಡೆಯೂ ಒಂದೇ ಸಮನಾಗಿ ಏಳುತ್ತಿದ್ದವೇ? ಆ ಹುಡುಗನ ಅಂಕುಡೊಂಕು ಗೆರೆಯ ರಹಸ್ಯವಿರುವುದು ಇಲ್ಲಿಯೇ.

ಈಗ ಭೂಪಟವನ್ನು ಬಿಡಿಸಿಕೊಳ್ಳಿ. ಹಿಮಾಲಯದ ಹೊರ ಅಂಚಿನಲ್ಲಿ ಶಿವಾಲಿಕ್ ಬೆಟ್ಟಗಳಿವೆ. ಇವು ಹಿಮಾಲಯವೇ ಸವೆದು, ನದಿಗಳು ತಂದು ಹಾಕಿದ ಮರಳು, ಜೇಡಿ, ಉರುಟುಗಲ್ಲುಗಳು ಗಟ್ಟಿಯಾಗಿ, ಅನಂತರ ಅದೇ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡ ಬೆಟ್ಟಗಳು. ಹಿಮಾಚಲ ಪ್ರದೇಶದ ಕಾಂಗ್ರಾದ ಬಳಿ ಹಳೆಯ ಬಂಡೆಗಳ ದೊಡ್ಡ ಪರ್ವತ ಹಿಂದಕ್ಕೆ ಸರಿದು, ಕೊಲ್ಲಿಯಂತೆ ಒಳಬಾಗಿದೆ. ಅದರ ಮುಂದೆ ಈ ಎಳೆಯ ಬೆಟ್ಟಗಳ ಪಟ್ಟಿ ಸುಮಾರು 80 ಕಿ.ಮೀ. ಅಗಲಕ್ಕೆ ಹರಡಿದೆ. ಅಲ್ಲಿಂದ ಆಗ್ನೇಯಕ್ಕೆ ನಾಹನ್ ಬಳಿಗೆ ಬಂದರೆ ಪರ್ವತ ಮೂಗಿನಂತೆ ಮುಂದೆ ಚಾಚಿ ಪಟ್ಟಿ ಕಿರಿದಾಗುತ್ತದೆ. ಮತ್ತೆ ಡೆಹರಾಡೂನಿನಲ್ಲಿ ಒಳಬಾಗು. ನನ್ನ ಶಿಷ್ಯ ಎಳೆದ ಗೆರೆ ಇದೇ.

ಇದು ಮೊದಲು ಕಾಗದಕ್ಕೆ ಇಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ರೂರ್ಕಿಯ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಹೆನ್ರಿ ಮೆಡ್ಲಿಕಾಟ್ ಎಂಬವರು ಗಂಗೆಯಿಂದ ರಾವಿಯವರೆಗಿನ ತಪ್ಪಲು ಬೆಟ್ಟಗಳನ್ನು ಸಮೀಕ್ಷಿಸಿ 1864ರಲ್ಲಿ ದೊಡ್ಡ ವರದಿಯೊಂದನ್ನು ಪ್ರಕಟಿಸಿದರು. ಪಠ್ಯಪುಸ್ತಕದಲ್ಲಿ ನಾವು ಉರುಹೊಡೆದ 'ಗೊಂಡ್ವಾನ' ಎಂಬ ಹೆಸರನ್ನು ಭೂವಿಜ್ಞಾನಕ್ಕೆ ಕೊಟ್ಟವರೂ ಅವರೇ. ನನಗಿದ್ದ ಅಟ್ಲಾಸಿನ ಹಿಂದೆ ಇಂತಹ ಅಧ್ಯಾಪಕನೊಬ್ಬನ ಕಾಲ್ನಡಿಗೆ ಇತ್ತೆಂಬುದು 1979ರಲ್ಲಿ ನನಗೆ ಗೊತ್ತಿರಲಿಲ್ಲ.

ಆದರೆ ಬೆಟ್ಟದ ಆಕಾರ ಕಣ್ಣಿಗೆ ಕಾಣುತ್ತದೆ. ಅದರ ಕಾರಣ ಗಂಗಾ ಬಯಲಿನ ಮೆಕ್ಕಲು ಮಣ್ಣಿನ ಅಡಿಯಲ್ಲಿ ಹೂತುಹೋಗಿದೆ. ಸಾವಿರಾರು ಅಡಿ ಮಣ್ಣಿನ ಕೆಳಗೆ ಏನಿದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ಮೊದಲ ಸುಳಿವು ದೊರೆತದ್ದು ಗಾರೆ ಕೆಲಸದವರು ಗೋಡೆಯ ನೇರ ನೋಡಲು ಬಳಸುವ ತೂಗುಗುಂಡಿನಿಂದ. ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆಯವರು ಕಲ್ಯಾಣಪುರ ಮತ್ತು ಕಲಿಯಾನಾ ಎಂಬ ಎರಡು ಸ್ಥಳಗಳ ಅಂತರವನ್ನು ನೆಲದ ಮೇಲೆ ಅಳೆದಾಗ ಬಂದ ಫಲಕ್ಕೂ ನಕ್ಷತ್ರಗಳನ್ನು ನೋಡಿ ಎಣಿಸಿದಾಗ ಬಂದ ಫಲಕ್ಕೂ 5.236 ವಿಕಲೆಗಳ ವ್ಯತ್ಯಾಸ ಬಂದಿತು. ನೆಲದ ಮೇಲೆ ಇದು ಸುಮಾರು 500 ಅಡಿ. ಹಿಮಾಲಯದ ರಾಶಿ ತೂಗುಗುಂಡನ್ನು ತನ್ನೆಡೆಗೆ ಸೆಳೆದಿರಬೇಕೆಂದು ಕಲ್ಕತ್ತೆಯ ಪಾದ್ರಿಯೂ ಗಣಿತಜ್ಞರೂ ಆಗಿದ್ದ ಜಾನ್ ಪ್ರ್ಯಾಟ್ ಲೆಕ್ಕ ಹಾಕಿದರು. ಲೆಕ್ಕದ ಪ್ರಕಾರ ಆ ಸೆಳೆತ 15.885 ವಿಕಲೆಗಳಷ್ಟು ಇರಬೇಕಿತ್ತು. ಇದ್ದದ್ದು ಅದರ ಮೂರನೆಯ ಒಂದು ಭಾಗ ಮಾತ್ರ. 1855ರಲ್ಲಿ ಎದ್ದ ಈ ಒಗಟಿನಿಂದ ಪರ್ವತಗಳಿಗೆ ಹಗುರವಾದ ಬೇರುಗಳಿವೆ ಎಂಬ ಅರಿವು ಹುಟ್ಟಿತು. ಅದಕ್ಕಿಂತ ನಮ್ಮ ವಿಷಯಕ್ಕೆ ಮುಖ್ಯವಾದದ್ದೆಂದರೆ, ನೆಲವನ್ನು ಅಗೆಯದೆಯೇ ಅದರಡಿಯನ್ನು ತೂಗಿ ನೋಡಬಹುದು ಎಂಬ ದಾರಿ ತೆರೆಯಿತು.

ಆ ದಾರಿಯಲ್ಲಿ ಮುಂದೆ ನಡೆದವರಲ್ಲಿ ರಿಚರ್ಡ್ ಡಿಕ್ಸನ್ ಆಲ್ಡಮ್ ಒಬ್ಬರು. 1906ರಲ್ಲಿ ಭೂಮಿಗೆ ಗರ್ಭವೊಂದಿದೆ ಎಂದು ಕಂಪನ ಅಲೆಗಳಿಂದ ತೋರಿಸಿಕೊಟ್ಟವರು ಇವರೇ. ಗಂಗಾ ಬಯಲಿನ ಕೆಳಗೆ ಆಳವಾದ ಸೀಳೊಂದಿದೆ ಎಂದು ಸಮೀಕ್ಷಾ ಇಲಾಖೆಯ ಸಿಡ್ನಿ ಬರ್ರಾರ್ಡ್ ವಾದಿಸುತ್ತಿದ್ದರು. ಹಾಗಲ್ಲ, ಪರ್ಯಾಯ ಪ್ರಸ್ಥಭೂಮಿಯ ಬಂಡೆಯೇ ಉತ್ತರಕ್ಕೆ ಮೆಲ್ಲನೆ ಇಳಿಜಾರಾಗಿ ಹೋಗಿ ಪರ್ವತದ ಬುಡದಲ್ಲಿ ಅತ್ಯಂತ ಆಳವಾಗಿದೆ ಎಂದು ಆಲ್ಡಮ್ 1917ರಲ್ಲಿ ಬರೆದರು. ಕಾಲ ಆಲ್ಡಮರ ಪಕ್ಷವನ್ನೇ ಎತ್ತಿಹಿಡಿಯಿತು. ಅಂದರೆ ನಾವು ನಿಂತಿರುವ ದಕ್ಷಿಣದ ಹಳೆಯ ಕಲ್ಲು ಬಯಲಿನ ದಡದಲ್ಲಿ ಮುಗಿಯುವುದಿಲ್ಲ. ಅದು ಮಣ್ಣಿನಡಿಯಲ್ಲಿ ಸಾಗಿ ಹಿಮಾಲಯದ ಕೆಳಕ್ಕೇ ನುಗ್ಗುತ್ತದೆ. ಈಗಿನ ಅಳತೆಯ ಪ್ರಕಾರ ಹಿಮಾಲಯದ ಪಾಲಿಗೆ ಈ ನುಗ್ಗುವಿಕೆ ವರ್ಷಕ್ಕೆ ಹೆಚ್ಚುಕಡಿಮೆ 2 ಸೆಂ.ಮೀ.

ಇದರ ನಡುವೆ 1905ರ ಏಪ್ರಿಲ್ 4ರ ಬೆಳಿಗ್ಗೆ ಕಾಂಗ್ರಾ ಕಣಿವೆ ನಡುಗಿತು. ಸುಮಾರು 20,000 ಜನ ಸತ್ತರು. ಕಾಂಗ್ರಾದ ವಜ್ರೇಶ್ವರಿ ದೇವಾಲಯ ನೆಲಸಮವಾಯಿತು. ಧರ್ಮಶಾಲೆಯ ಮನೆಗಳು ಉರುಳಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಚಾರ್ಲ್ಸ್ ಮಿಡಲ್‌ಮಿಸ್ ಹಾನಿಯ ವಿವರಗಳನ್ನು ಊರೂರಿನಿಂದ ಕಲೆಹಾಕಿ 1910ರಲ್ಲಿ ಸಂಪೂರ್ಣ ವರದಿಯನ್ನು ಕೊಟ್ಟರು. ಆ ವರದಿಯ ನಕ್ಷೆಯನ್ನು ನೋಡಿದಾಗ ಮೈ ಜುಮ್ಮೆಂದಿತು. ಕಂಪನದ ತೀವ್ರತೆ ಕಾಂಗ್ರಾದಲ್ಲಿ ಅತ್ಯಧಿಕ, ದೂರ ಹೋದಂತೆ ಕಡಮೆಯಾಗುತ್ತದೆ, ಸರಿ. ಆದರೆ ಆಗ್ನೇಯಕ್ಕೆ ಬಹುದೂರ ಸಾಗಿದ ಮೇಲೆ, ಡೆಹರಾಡೂನ್ ಮತ್ತು ಮಸ್ಸೂರಿಯ ಸುತ್ತ ತೀವ್ರತೆ ಮತ್ತೆ ಏರುತ್ತದೆ! ಭೂಪಟದಲ್ಲಿ ಎರಡು ಒಳಬಾಗುಗಳು. ಕಂಪನದ ನಕ್ಷೆಯಲ್ಲಿಯೂ ಎರಡು ದ್ವೀಪಗಳು. ನಡುವಿನ ನಾಹನ್ ಮೂಗಿನ ಸೀಮೆಯಲ್ಲಿ ಹಾನಿ ಕಡಮೆ. ಡೆಹರಾಡೂನಿನದು ಕಾಂಗ್ರಾದ ಕಂಪನಕ್ಕೆ ಕೆರಳಿ ಎದ್ದ, ಇನ್ನೂ ಆಳದ ಬೇರೆಯದೇ ಕಂಪನವಿದ್ದಿರಬಹುದೆಂದು ಈ ಶತಮಾನದಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದ್ದಾರೆ. ಹಾಗಿದ್ದರೂ ಪರ್ವತದ ಅಂಚು ಒಂದೇ ಹಲಗೆಯಂತೆ ವರ್ತಿಸುವುದಿಲ್ಲ, ತುಂಡು ತುಂಡಾಗಿ ವರ್ತಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿಯಾದ ಸಾಕ್ಷ್ಯ ಬೇಡ.

ಸ್ವಾತಂತ್ರ್ಯಾನಂತರ ದೇಶ ಎಣ್ಣೆಯನ್ನು ಹುಡುಕತೊಡಗಿತು. ವಿಮಾನದಿಂದ ಕಾಂತಶಕ್ತಿಯನ್ನು ಅಳೆದರು. ನೆಲದಲ್ಲಿ ಸಿಡಿಮದ್ದು ಸಿಡಿಸಿ ಪ್ರತಿಧ್ವನಿಯನ್ನು ಆಲಿಸಿದರು. ಬಯಲಿನಲ್ಲಿ ಆಳವಾದ ಬಾವಿಗಳನ್ನು ಕೊರೆದರು. ಗಂಗಾ ಬಯಲಿನಲ್ಲಿ ಎಣ್ಣೆಯ ಭಾಗ್ಯ ಒದಗಲಿಲ್ಲ. ಆದರೆ ಹೂತುಹೋಗಿದ್ದ ನೆಲದ ಚಿತ್ರ ಹೊರಬಂದಿತು. ಆ ನೆಲ ಸಪಾಟಾಗಿಲ್ಲ! ಅರಾವಳಿಯ ಮುಂದುವರಿಕೆಯಾದ ದೆಹಲಿ–ಹರಿದ್ವಾರ ಏಣು, ಬುಂದೇಲಖಂಡದ ಮುಂದುವರಿಕೆಯಾದ ಫೈಜಾಬಾದ್ ಏಣು, ಬಿಹಾರದ ಮುಂಗೇರ್–ಸಹರ್ಸಾ ಏಣು ಇವೆಲ್ಲ ಹಿಮಾಲಯಕ್ಕೆ ಅಡ್ಡಲಾಗಿ ಚಾಚಿಕೊಂಡಿವೆ; ನಡುನಡುವೆ ಆಳವಾದ ತಗ್ಗುಗಳಿವೆ. ದೆಹಲಿಗೆ ಹೋದವರು ಇವುಗಳಲ್ಲಿ ಮೊದಲನೆಯದರ ಬೆನ್ನನ್ನು ಅರಿಯದೆಯೇ ತುಳಿದಿರುತ್ತೀರಿ. ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡ ಅರಾವಳಿಯದೇ ಒಂದು ತುಣುಕು. ಆ ಏಣು ಯಮುನೆಯ ಬಳಿ ಮಣ್ಣಿನೊಳಗೆ ಮುಳುಗುತ್ತದೆ. ಮುಳುಗಿದರೂ ಮುಂದೆ ಸಾಗುತ್ತದೆ. ಬುಂದೇಲಖಂಡದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಿಮಾಲಯಕ್ಕೆ ಐದು ಕೋಟಿ ಎಂದಿಟ್ಟುಕೊಳ್ಳಿ. ಮುತ್ತಜ್ಜನ ಮೊಣಕೈ ಮರಿಮೊಮ್ಮಗನ ಪಕ್ಕೆಗೆ ತಿವಿಯುತ್ತಿರುವಂತೆ ಇದೆ ಈ ಸಂಬಂಧ.

ಈ ಸಂಬಂಧವನ್ನು ಇಡೀ ಹಿಮಾಲಯದ ಉದ್ದಕ್ಕೂ ಜೋಡಿಸಿ ತೋರಿಸಿದವರಲ್ಲಿ ಪ್ರಮುಖರು ಖಡ್ಗ ಸಿಂಹ ವಾಲ್ದಿಯಾ. ಹಿಮಾಲಯವನ್ನು ಅಡ್ಡಲಾಗಿ ಕತ್ತರಿಸುವ ಸ್ತರಭಂಗಗಳೂ ಮಡಿಕೆಗಳೂ ಬಯಲಿನಡಿಯ ಈ ರಚನೆಗಳಿಗೆ ಸಮಾನಾಂತರವಾಗಿವೆ ಎಂದು ಅವರು 1976ರಲ್ಲಿ ದೀರ್ಘ ಲೇಖನವೊಂದನ್ನು ಪ್ರಕಟಿಸಿದರು. ವರ್ಷವನ್ನು ಗಮನಿಸಿ. ನಾನು ಕೆಂಪು ಶಾಯಿಯ ಗೆರೆಯನ್ನು ಎಳೆಯುವ ಮೂರು ವರ್ಷ ಮೊದಲೇ ಆ ಹುಡುಗನ ಪ್ರಶ್ನೆಗೆ ಉತ್ತರ ಅಚ್ಚಾಗಿತ್ತು.

ವಾಲ್ದಿಯಾ ಅವರು ಹುಟ್ಟಿದ್ದು 1937ರಲ್ಲಿ, ಬರ್ಮಾದಲ್ಲಿ. ಬೆಳೆದದ್ದು ಕುಮಾಊಂ ಸೀಮೆಯ ಪಿಥೋರಗಢದಲ್ಲಿ. ಬಾಲ್ಯದಲ್ಲಿಯೇ ಅವರ ಶ್ರವಣಶಕ್ತಿ ಬಹುಮಟ್ಟಿಗೆ ಕುಂದಿತ್ತು. ಮಾತು ಸರಿಯಾಗಿ ಕೇಳಿಸದ ಮನುಷ್ಯ ಬೆಟ್ಟಗಳನ್ನು ಅಷ್ಟು ಗಮನವಿಟ್ಟು ಆಲಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬಾಳಿನ ಕೊನೆಯ ದಶಕಗಳಲ್ಲಿ ಅವರಿದ್ದುದು ನಮ್ಮ ಬೆಂಗಳೂರಿನಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲಿಯೇ. ಇಲ್ಲಿದ್ದಾಗ ಅವರು ನಮ್ಮ ಮೈಸೂರು ಪ್ರಸ್ಥಭೂಮಿಯನ್ನೂ ಬಿಡಲಿಲ್ಲ. ನಾವು ನಿಶ್ಚಲವೆಂದು ನಂಬಿದ ಈ ನೆಲದ ಹಳೆಯ ಸ್ತರಭಂಗಗಳು ಮತ್ತೆ ಅಲುಗಿ, ಕಾವೇರಿ ಮತ್ತು ಅದರ ಉಪನದಿಗಳ ಹರಿವಿನ ಮೇಲೆ ಗುರುತು ಬಿಟ್ಟಿವೆಯೆಂದು ಬರೆದರು. 1993ರಲ್ಲಿ ಕಿಲ್ಲಾರಿಯ ಭೂಕಂಪವಾದಾಗಲೇ ನನ್ನ 'ನಿಶ್ಚಲ ಪ್ರಸ್ಥಭೂಮಿ'ಯ ಪಾಠಕ್ಕೆ ಬಿರುಕು ಬಿದ್ದಿತ್ತೆನ್ನಿ. ಮಗನ ಮನೆಗೆ ಹೋಗುವಾಗ ಜಕ್ಕೂರಿನ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೆ. ಇಳಿದು ಒಳಗೆ ಹೋಗಬಹುದಿತ್ತು ಎಂದು ಈಗ ಅನಿಸುತ್ತದೆ.

ಏಣಿನ ಮಾತಾಯಿತು, ಕೇರಂ ಪೌಡರಿನದು ಉಳಿದಿದೆ. ಏಕಾದಶಿಯಂದು ನಮ್ಮ ಮನೆಗಳಲ್ಲಿ ಬಳಸುವ ಸೈಂಧವ ಲವಣ ನಿಮಗೆ ಗೊತ್ತು. ಸಿಂಧೂ ದೇಶದ್ದು ಸೈಂಧವ. ಈಗಿನ ಪಾಕಿಸ್ತಾನದಲ್ಲಿರುವ ಲವಣ ಪರ್ವತ ಶ್ರೇಣಿಯಲ್ಲಿ, ಖೇವ್ರಾದ ಗಣಿಯಲ್ಲಿ ಅದು ದೊರೆಯುತ್ತದೆ. ಹಿಮಾಲಯ ಹುಟ್ಟುವುದಕ್ಕೆ ಎಷ್ಟೋ ಮೊದಲು, ಸುಮಾರು 55 ಕೋಟಿ ವರ್ಷಗಳ ಹಿಂದೆ, ಒಂದು ಕಡಲು ಬತ್ತಿ ಬಿಟ್ಟುಹೋದ ಉಪ್ಪು ಇದು. ಮೇಲಿನಿಂದ ಭಾರ ಬಿದ್ದಾಗ ಉಪ್ಪು ಗಟ್ಟಿಯಾಗಿ ನಿಲ್ಲದೆ ಮೆಲ್ಲಗೆ ಜಾರುತ್ತದೆ. ಆದ್ದರಿಂದ ಅಲ್ಲಿ ಪರ್ವತದ ಒತ್ತಡಕ್ಕೆ ಸಿಕ್ಕ ಕಲ್ಲಿನ ಪದರಗಳು ಹತ್ತಿರದಲ್ಲಿಯೇ ಮಡಿಚಿಕೊಂಡು ರಾಶಿಯಾಗುವ ಬದಲು, ಪೊಟ್ವಾರ್ ಪ್ರಸ್ಥಭೂಮಿಯೆಂಬ ಇಡೀ ಹಾಸಾಗಿ, ಹೆಚ್ಚು ಸುಕ್ಕಾಗದೆಯೇ ಬಹುದೂರ ದಕ್ಷಿಣಕ್ಕೆ ಜಾರಿಬಂದವು. ಎಲ್ಲಿಯವರೆಗೆ? ಅಡಿಯ ಹಳೆಯ ಬಂಡೆಯಲ್ಲಿ ಮುಂಚಿನಿಂದಲೂ ಇದ್ದ ಒಂದು ಸ್ತರಭಂಗದ ಮೆಟ್ಟಿಲನ್ನು ಎಡವುವವರೆಗೆ. ಎಡವಿದಲ್ಲಿ ಹಾಸು ಮೇಲೆದ್ದು ಲವಣ ಶ್ರೇಣಿಯಾಯಿತು. ಅಡಿಯ ಉಪ್ಪು ಬೆಳಕಿಗೆ ಬಂದಿತು. ನಮ್ಮ ಅಜ್ಜಿಯ ಫಲಾಹಾರಕ್ಕೆ ಒದಗಿದ ಆ ಉಪ್ಪಿನ ಹರಳೇ ಪರ್ವತದ ಕಾಲಡಿಯ ಜಾರುಹಾಸು ಎಂದು ತಿಳಿದಾಗ, ಈ ವಯಸ್ಸಿನಲ್ಲಿಯೂ ಎದ್ದು ಅಡಿಗೆಮನೆಗೆ ಹೋಗಿ ಡಬ್ಬಿಯನ್ನು ತೆರೆದು ನೋಡಿದೆ. ನನ್ನ ಮನೆಯವರು ಏನಾಯಿತೆಂದು ಗಾಬರಿಯಾದರು.

ಬಿಹಾರದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1934ರ ಜನವರಿ 15ರ ಮಹಾಕಂಪ 10,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಸ್ಪೃಶ್ಯತೆಯ ಪಾಪಕ್ಕೆ ದೊರೆತ ಶಿಕ್ಷೆ ಇದು ಎಂದರು ಗಾಂಧೀಜಿ. ಪ್ರಕೃತಿಯ ಘಟನೆಗೆ ಇಂತಹ ಕಾರಣ ಹೇಳುವುದು ತರವಲ್ಲವೆಂದು ರವೀಂದ್ರನಾಥ ಠಾಕೂರರು ಪ್ರತಿಭಟಿಸಿದರು. ಗಾಂಧೀಜಿಯವರ ಮೇಲಿನ ಭಕ್ತಿ ಕಿಂಚಿತ್ತೂ ಕುಂದದೆಯೇ, ಈ ಒಂದು ವಿಷಯದಲ್ಲಿ ನಾನು ಠಾಕೂರರ ಕಡೆ. ಅಂದು ತೀವ್ರವಾಗಿ ಹಾಳಾದದ್ದು ಒಂದೇ ಪ್ರದೇಶವಲ್ಲ. ಉತ್ತರ ಬಿಹಾರದ ಬಯಲು, ಕಠ್ಮಂಡು ಕಣಿವೆ, ಇವೆರಡರಿಂದಲೂ ದೂರದಲ್ಲಿ ಗಂಗೆಯ ದಡದ ಮುಂಗೇರ್ ಪಟ್ಟಣ. ಮುಂಗೇರಿನ ಬಳಿಯಲ್ಲಿ ಹಳೆಯ ಬಂಡೆಗಳ ಖರಗಪುರ ಗುಡ್ಡಗಳಿವೆ. ಉತ್ತರಕ್ಕೆ ಮೆಕ್ಕಲಿನಡಿಯಲ್ಲಿ ಸಾಗುವ ಏಣಿಗೆ ಅದರದೇ ಹೆಸರು. ಈ ಕಂಪವನ್ನು ಅಧ್ಯಯನ ಮಾಡಿದ ಭೂವಿಜ್ಞಾನಿಗಳಲ್ಲಿ ಜಾನ್ ಆಡೆನ್ ಎಂಬವರಿದ್ದರು. ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡೆನ್‌ರ ಅಣ್ಣ.

ಈಗ ಶಿಷ್ಯನ ಪ್ರಶ್ನೆಗೆ ಬರೋಣ. ಏಣು ಗೋಡೆಯಾಗಿ ನಿಂತು ಕಾಪಾಡುತ್ತದೆಯೇ?

ಹಾಗೆ ಯೋಚಿಸುವವರಿಗೆ ಆಧಾರವೇ ಇಲ್ಲವೆಂದಲ್ಲ. ದೊಡ್ಡ ಭೂಕಂಪದ ಸೀಳು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಅಡಿಯ ರಚನೆಯ ಕೈವಾಡವಿದೆ. 2015ರ ಏಪ್ರಿಲ್ 25ರಂದು ನೇಪಾಳದ ಗೂರ್ಖಾದಲ್ಲಿ ಆರಂಭವಾದ ಸೀಳು ಪೂರ್ವಕ್ಕೆ ಸುಮಾರು 150 ಕಿ.ಮೀ. ಓಡಿ ಕಠ್ಮಂಡುವಿನ ಆಚೆ ನಿಂತಿತು. ಪರ್ವತದ ಅಂಚಿನಲ್ಲಿ ಭೂಮಿಯ ಮೇಲಕ್ಕೂ ಬರಲಿಲ್ಲ. ಭೂಗರ್ಭದಲ್ಲಿ ಸ್ತರಭಂಗದ ಆಕಾರ ಬದಲಾಗುವ ಕಡೆಯೇ ಅದು ನಿಂತಿದೆ ಎಂದು ಅಧ್ಯಯನಗಳು ತೋರಿಸಿವೆ. ಗುರುತ್ವದ ಅಳತೆಗಳನ್ನು ಪರಿಶೀಲಿಸಿದ ಕೆನಡಾದ ವಿಜ್ಞಾನಿಗಳು, ಭಾರತದ ಹಳೆಯ ಬಂಡೆಯ ಅಡ್ಡ ರಚನೆಗಳು ಹಿಮಾಲಯದ ಅಡಿಯಲ್ಲಿಯೂ ಮುಂದುವರಿಯುತ್ತವೆ ಎಂದು 2014ರಲ್ಲಿ ಬರೆದಿದ್ದಾರೆ.

ಆದರೆ ಸೀಳು ಒಂದು ಸಲ ನಿಂತ ಜಾಗದಲ್ಲಿ ಪ್ರತಿ ಸಲವೂ ನಿಲ್ಲುತ್ತದೆಂದು ಹೇಳಲು ಯಾರಿಗೂ ಧೈರ್ಯವಿಲ್ಲ. ನಿಂತರೂ, ಸೀಳು ನಿಂತ ಕಡೆ ನಡುಕ ನಿಲ್ಲುವುದಿಲ್ಲ. 1803ರ ಗಢವಾಲದ ಭೂಕಂಪ ದೆಹಲಿ–ಹರಿದ್ವಾರ ಏಣಿನ ಆ ಬದಿಯಲ್ಲಿ ಆಯಿತು. ದೆಹಲಿಯ ಕುತುಬ್ ಮಿನಾರಿನ ತುದಿಯ ಗುಮ್ಮಟ ಕಳಚಿ ಬಿದ್ದಿತು. 1905ರಲ್ಲಿ ಡೆಹರಾಡೂನಿಗೆ ಏನಾಯಿತೆಂಬುದನ್ನು ಆಗಲೇ ಹೇಳಿದ್ದೇನೆ. ಅಂದೂ ಏಣು ಅಲ್ಲಿಯೇ ಇತ್ತು. 1991ರಲ್ಲಿ ಉತ್ತರಕಾಶಿ, 1999ರಲ್ಲಿ ಚಮೋಲಿ ನಡುಗಿದವು. ಆದರೆ ಗೂರ್ಖಾದಿಂದ ಪಶ್ಚಿಮಕ್ಕೆ ಡೆಹರಾಡೂನಿನವರೆಗಿನ ಉದ್ದನೆಯ ಭಾಗದಲ್ಲಿ 1934ರಂತಹ ಮಹಾಕಂಪವಾಗಿ 200 ವರ್ಷಗಳಿಗಿಂತ ಹೆಚ್ಚಾಯಿತು. ವರ್ಷಕ್ಕೆ 2 ಸೆಂ.ಮೀ. ಎಂದರೆ ಅಷ್ಟು ಕಾಲದಲ್ಲಿ ಎಷ್ಟಾಯಿತೆಂಬ ಗುಣಾಕಾರವನ್ನು ನಿಮಗೇ ಬಿಡುತ್ತೇನೆ.

ಇದನ್ನೆಲ್ಲ ಮೊನ್ನೆ ದೂರವಾಣಿಯಲ್ಲಿ ಆತನಿಗೆ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೆಲಸ ಬಿಟ್ಟು ಬಾ ಎನ್ನಲೇ?" ಎಂದು ಕೇಳಿದ. ಬೇಡಪ್ಪಾ ಎಂದೆ. ಡೆಹರಾಡೂನಿನಲ್ಲಿ ಲಕ್ಷಾಂತರ ಜನ ಬಾಳುತ್ತಿದ್ದಾರೆ. ಏಣಿನ ಭರವಸೆಯನ್ನು ಮರೆತು ಮನೆಯನ್ನು ನೋಡು. ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ಕಟ್ಟಿದ್ದೇ? ಕೆಳಗಡೆ ಬರಿಯ ಕಂಬಗಳ ಮೇಲೆ ಕಾರು ನಿಲ್ಲಿಸುವ ಜಾಗ ಬಿಟ್ಟಿದ್ದಾರೆಯೇ? ಹಳ್ಳದ ದಂಡೆಯ ತುಂಬುಮಣ್ಣಿನ ಮೇಲೆ ಎದ್ದ ಕಟ್ಟಡವೇ? ಬೀರುವನ್ನು ಗೋಡೆಗೆ ಬಿಗಿಸಿದ್ದಾರೆಯೇ? ಇವನ್ನು ಕೇಳು ಎಂದೆ. ಆತ ಒಂದೊಂದನ್ನೂ ಬರೆದುಕೊಂಡ. ಕಾಗದದ ಮೇಲೆ ಪೆನ್ನು ಓಡುವ ಸದ್ದು ನನಗೆ ಕೇಳಿಸಿತು. ಈಗ ಇರುವ ಮನೆ ಕಂಬಗಳ ಮೇಲೆಯೇ ಇದೆಯಂತೆ. ಬೇರೆ ಮನೆ ಹುಡುಕಲು ಬರುವ ತಿಂಗಳು ತಾನೇ ಹೊರಟಿದ್ದಾನೆ.

ಎರಡು ಅಂಕಗಳ ವಿಷಯವನ್ನು ನಾನೇ ಎತ್ತಿದೆ. ತಪ್ಪು ನನ್ನದು, ನಿನ್ನ ಗೆರೆ ಸರಿಯಾಗಿತ್ತು ಎಂದೆ. "ಅಯ್ಯೋ, ಬಿಡಿ ಮೇಷ್ಟ್ರೇ" ಎಂದನಾದರೂ ಧ್ವನಿಯಲ್ಲಿ ಸಂತೋಷವಿತ್ತು. ದೆಹಲಿಯಿಂದ ಹೋಗುವಾಗ ಮೊಹಂಡ್ ಬಳಿ ಶಿವಾಲಿಕ್ ಬೆಟ್ಟಗಳು ಬರುತ್ತವೆ, ಅಲ್ಲಿ ನಿದ್ದೆ ಮಾಡಬೇಡ, ಕಡಿದ ಬೆಟ್ಟದ ಮೈಯಲ್ಲಿ ಮರಳುಗಲ್ಲಿನ ಪದರಗಳು ಉತ್ತರಕ್ಕೆ ವಾಲಿರುವುದನ್ನು ನೋಡು, ಸಾಧ್ಯವಾದರೆ ಫೋಟೋ ತೆಗೆದು ಕಳಿಸು ಎಂದು ಹೇಳಿದ್ದೇನೆ. ಬಂದರೆ ಇದೇ ಪುಟದಲ್ಲಿ ಹಾಕುತ್ತೇನೆ.